ಹಳೆಯ ಜೀಪಿಗೆ ಬದಲಿ ಎಂಜಿನ್: ಆಯ್ಕೆ, ಅಳವಡಿಕೆ ಮತ್ತು ದಾಖಲೆ

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಒಳಭಾಗದಲ್ಲಿ ಹಳೆಯ ಜೀಪು ಇಂದಿಗೂ ಬರಿಯ ಶೋಕಿಯ ವಸ್ತುವಲ್ಲ. ಮಾಣಿ–ಮೈಸೂರು ಹೆದ್ದಾರಿಯಿಂದ ಕವಲೊಡೆದು ಘಟ್ಟದ ಬುಡದತ್ತ ಸಾಗುವ ದಾರಿಗಳಲ್ಲಿ ಅಡಿಕೆ ಮೂಟೆ, ರಬ್ಬರ್ ಶೀಟು, ಗೊಬ್ಬರದ ಚೀಲ ಮತ್ತು ಕೆಲಸದಾಳುಗಳನ್ನು ಹೊತ್ತು ಮಳೆಗಾಲದ ಚಡಾವು ಹತ್ತಲು ಅದಕ್ಕೆ ಸಮನಾದ ಅಗ್ಗದ ವಾಹನ ದೊರೆಯುವುದು ಕಷ್ಟ. ಚಾಸಿಸ್ ಗಟ್ಟಿಯಾಗಿದ್ದು ಎಂಜಿನ್ ಮಾತ್ರ ಕೈಕೊಟ್ಟಾಗ ಮಾಲೀಕನ ಮುಂದೆ ಎರಡು ಮಾರ್ಗಗಳಿರುತ್ತವೆ: ಇರುವ ಎಂಜಿನನ್ನು ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸುವುದು, ಇಲ್ಲವೇ ಬೇರೊಂದು ಎಂಜಿನನ್ನು ಕೂರಿಸುವುದು. ಎರಡನೆಯ ಮಾರ್ಗ ಹಿಡಿಯುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಅಶ್ವಶಕ್ತಿಯನ್ನು. ಮೊದಲು ತೆರೆದು ನೋಡಬೇಕಾದುದು ನೋಂದಣಿ ಪುಸ್ತಕವನ್ನು.

ಈ ಭಾಗದ ಹಳೆಯ ಮಹೀಂದ್ರ ಜೀಪುಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಎಂಜಿನ್‌ಗಳನ್ನು ಕಾಣಬಹುದು. ಸಿ.ಜೆ. 3ಬಿ ಮಾದರಿಯದು 2,199 ಸಿ.ಸಿ.ಯ ಹರಿಕೇನ್ ಪೆಟ್ರೋಲ್ ಎಂಜಿನ್. ಎಂ.ಎಂ. 540 ಮಾದರಿಯದು ಫ್ರಾನ್ಸಿನ ಪ್ಯೂಜೋ ಕಂಪೆನಿಯ ಪರವಾನಗಿಯಲ್ಲಿ ತಯಾರಾದ 2,112 ಸಿ.ಸಿ.ಯ ಎಕ್ಸ್.ಡಿ.ಪಿ. 4.90 ಡೀಸೆಲ್. ಮೂರನೆಯದು 2,523 ಸಿ.ಸಿ.ಯ ಡಿ.ಐ. ಡೀಸೆಲ್, 2010ರಲ್ಲಿ ಬಂದ ಥಾರ್ ವಾಹನದ ಅಗ್ಗದ ಮಾದರಿಯಲ್ಲಿಯೂ ಇದೇ ಕುಟುಂಬದ ಎಂಜಿನ್ ಇತ್ತು.

ಎರಡು ಡೀಸೆಲ್‌ಗಳ ಅಶ್ವಶಕ್ತಿಯಲ್ಲಿ ಹೇಳುವಂತಹ ವ್ಯತ್ಯಾಸವಿಲ್ಲ. ಎರಡೂ 60ರ ಆಸುಪಾಸಿನವು. ವ್ಯತ್ಯಾಸವಿರುವುದು ಸ್ವಭಾವದಲ್ಲಿ. ಪ್ಯೂಜೋ ಎಂಜಿನ್ನಿನ ಸಿಲಿಂಡರ್ ವ್ಯಾಸ 90 ಮಿ.ಮೀ., ಪಿಸ್ಟನ್ ಚಲಿಸುವ ದೂರ 83 ಮಿ.ಮೀ.; ಅದು ನಿಮಿಷಕ್ಕೆ 4,500 ಸುತ್ತಿನವರೆಗೆ ಲಘುವಾಗಿ ಓಡುತ್ತದೆ. ಡಿ.ಐ.ಯಲ್ಲಿ ಪಿಸ್ಟನ್ ಚಲಿಸುವ ದೂರ 101.6 ಮಿ.ಮೀ.; 3,000 ಸುತ್ತಿನ ಸುಮಾರಿಗೆ ಅದರ ಓಟ ಮುಗಿಯುತ್ತದೆ, ಆದರೆ ಎಳೆಯುವ ಬಲ ಕೆಳಗಿನ ಸುತ್ತುಗಳಲ್ಲಿಯೇ ಒದಗುತ್ತದೆ. ಮೂಟೆ ಹೇರಿಕೊಂಡು ಮೊದಲ ಗೇರಿನಲ್ಲಿ ತೋಟದಿಂದ ಮೇಲೇರುವ ಜೀಪಿಗೆ ಬೇಕಾದುದು ಇದೇ. ಇಂಧನ ನೇರವಾಗಿ ಸಿಲಿಂಡರಿಗೆ ಸಿಂಪಡಣೆಯಾಗುವುದರಿಂದ ಡೀಸೆಲ್ ಖರ್ಚೂ ಕಡಿಮೆ. ಡೀಸೆಲ್ ಎಂಜಿನ್ನಿಗೆ ಕಿಡಿ ಹೊತ್ತಿಸುವ ಡಿಸ್ಟ್ರಿಬ್ಯೂಟರ್ ಇಲ್ಲದಿರುವುದು ಹೊಳೆ, ತೋಡು ದಾಟಬೇಕಾದ ಊರುಗಳಲ್ಲಿ ಇನ್ನೊಂದು ಅನುಕೂಲ. ನೀರು ತಗಲಿ ಪೆಟ್ರೋಲ್ ಜೀಪು ನಡುತೋಡಿನಲ್ಲಿ ನಿಲ್ಲುವ ಸಂಕಟ ಹಳಬರಿಗೆ ಹೊಸತಲ್ಲ.

ಆದರೆ ಎಂಜಿನ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಸಿ.ಜೆ. 3ಬಿ ಜೀಪಿನ ಆಕ್ಸಲ್ ಅನುಪಾತ 5.38. ಟೈರು ಒಂದು ಸುತ್ತಿಗೆ ಸುಮಾರು 2.25 ಮೀಟರ್ ಸಾಗುವುದೆಂದು ಹಿಡಿದರೆ, 3,000 ಸುತ್ತಿನ ಎಂಜಿನ್ ಟಾಪ್ ಗೇರಿನಲ್ಲಿ ಗಂಟೆಗೆ 75 ಕಿ.ಮೀ.ಗೆ ನಿಲ್ಲುತ್ತದೆ, ಅದೂ ಪೂರ್ತಿ ಅರಚಾಟದೊಂದಿಗೆ. ನೆಮ್ಮದಿಯ ವೇಗ ಇನ್ನೂ ಕಡಿಮೆ. ತೋಟದಿಂದ ಪೇಟೆಗೆ ಇದು ಸಾಕು. ವಾರಕ್ಕೊಮ್ಮೆ ಮಂಗಳೂರಿಗೆ ಹೋಗುವವರಿಗೆ ಸಾಲದು. ಇದಲ್ಲದೆ ಬೆಲ್ ಹೌಸಿಂಗ್, ಕ್ಲಚ್ ಮತ್ತು ಗೇರ್‌ಬಾಕ್ಸ್ ಪರಸ್ಪರ ಹೊಂದಬೇಕು, ಎಂಜಿನ್ ಮೌಂಟಿಂಗ್ ಹೊಸದಾಗಿ ಬೆಸೆಯಬೇಕು, ಹೆಚ್ಚಿದ ಭಾರಕ್ಕೆ ಮುಂದಿನ ಪ್ಲೇಟು ಬಲಪಡಿಸಬೇಕು, ರೇಡಿಯೇಟರ್ ಬದಲಿಸಬೇಕು. ಎಂಜಿನ್ನಿನ ಬೆಲೆ ಒಂದು, ಕೂರಿಸುವ ಖರ್ಚು ಇನ್ನೊಂದು. ಎರಡನೆಯದನ್ನು ಮೊದಲೇ ಬರೆಯಿಸಿಕೊಳ್ಳದವರ ಅಂದಾಜು ತಪ್ಪುವುದೇ ಹೆಚ್ಚು.

ಲಾಭದ ಲೆಕ್ಕವೂ ಓಟವನ್ನೇ ಅವಲಂಬಿಸಿದೆ. ಉದಾಹರಣೆಗೆ, ಪೆಟ್ರೋಲ್ ಜೀಪು ಲೀಟರಿಗೆ 7 ಕಿ.ಮೀ., ಡೀಸೆಲ್ ಜೀಪು 11 ಕಿ.ಮೀ. ಓಡುವುದೆಂದು ಭಾವಿಸೋಣ. ತಿಂಗಳಿಗೆ 500 ಕಿ.ಮೀ. ಓಡಿದರೆ ಉಳಿಯುವುದು 26 ಲೀಟರ್; 100 ಕಿ.ಮೀ. ಮಾತ್ರ ಓಡಿದರೆ 5 ಲೀಟರ್. ಎರಡನೆಯ ವರ್ಗದವರು ಇದ್ದ ಎಂಜಿನನ್ನೇ ಬೋರ್ ಮಾಡಿಸಿಕೊಳ್ಳುವುದು ವಿವೇಕದ ಮಾರ್ಗ.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸುವ ಅವಕಾಶ ಸೇರಿತು. ಆದ್ದರಿಂದ ಡೀಸೆಲ್ ಎಂದು ನೋಂದಣಿಯಾದ ಜೀಪಿಗೆ ಅದೇ ತಯಾರಕರ ಅದೇ ಮಾದರಿಯ ಎಂಜಿನ್ ತರುವುದು ಸುರಕ್ಷಿತ. ಪೆಟ್ರೋಲ್ ಜೀಪಿಗೆ ಡೀಸೆಲ್ ಕೂರಿಸುವ ಯೋಚನೆಯುಳ್ಳವರು ಮುಂಗಡ ಕೊಡುವ ಮೊದಲೇ ಪುತ್ತೂರಿನ ಪ್ರಾದೇಶಿಕ ಸಾರಿಗೆ ಕಚೇರಿಯಿಂದ ಲಿಖಿತ ಉತ್ತರ ಪಡೆಯಬೇಕು. ವಾಹನದ ಮೇಲೆ ಸಾಲವಿದ್ದರೆ ಸಾಲಕೊಟ್ಟವರ ಒಪ್ಪಿಗೆಯೂ ಅಗತ್ಯ. ಅನುಮತಿ ಪಡೆದು ಕೆಲಸ ಮುಗಿದ ಮೇಲೆ 14 ದಿನಗಳೊಳಗೆ ವರದಿ ಸಲ್ಲಿಸಿ ಹೊಸ ಎಂಜಿನ್ ಸಂಖ್ಯೆಯನ್ನು ದಾಖಲಿಸಬೇಕು. ವಿಮಾ ಕಂಪೆನಿಗೂ ತಿಳಿಸಬೇಕು.

15 ವರ್ಷ ಮೀರಿದ ಜೀಪು ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕೆ ಹೋಗಲೇಬೇಕು. 20 ವರ್ಷ ದಾಟಿದ ಹಗುರ ವಾಹನಗಳಿಗೆ ಈ ಶುಲ್ಕವನ್ನು 2025ರ ಆಗಸ್ಟಿನಲ್ಲಿ 10,000 ರೂ.ಗೆ ಏರಿಸಲಾಯಿತು. ಸಂಖ್ಯೆ ತಾಳೆಯಾಗದ ಎಂಜಿನ್ ಬಯಲಾಗುವುದು ಹೆಚ್ಚಾಗಿ ಈ ತಪಾಸಣೆಯಲ್ಲಿ, ಇಲ್ಲವೇ ಅಪಘಾತದ ನಂತರದ ಸಮೀಕ್ಷೆಯಲ್ಲಿ. ಆಗ ಖರ್ಚಾದ ಹಣವೆಲ್ಲ ಶೆಡ್ಡಿನಲ್ಲಿ ನಿಂತಿರುತ್ತದೆ. ಗುಜರಿಯವರಿಂದ ಕೊಳ್ಳುವಾಗ ಎಂಜಿನ್ ಸಂಖ್ಯೆ ಬರೆದ ಬಿಲ್ಲು ಮತ್ತು ಅದು ಬಂದ ಮೂಲವಾಹನದ ದಾಖಲೆಗಳ ಪ್ರತಿ ಇಲ್ಲದೆ ವ್ಯವಹರಿಸಬಾರದು. ಕಳವಿನ ಮಾಲಾದರೆ ಕೊಂಡವನೇ ಠಾಣೆಯಲ್ಲಿ ಉತ್ತರಿಸಬೇಕಾಗುತ್ತದೆ.

ವರ್ತಕರಿಗೆ ಲೆಕ್ಕಪತ್ರದ ಒಂದು ಮಾತು. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲವಾದ್ದರಿಂದ ಕೇವಲ ತೋಟಕ್ಕೆ ಬಳಸುವ ಜೀಪಿನ ಖರ್ಚಿಗೆ ಅಲ್ಲಿ ಕಡಿತದ ಪ್ರಶ್ನೆಯೇ ಇಲ್ಲ. ಅಂಗಡಿ, ಮಂಡಿಯ ಜೀಪಾದರೆ ಇದು ಚಾಲ್ತಿ ರಿಪೇರಿಯೋ ಬಂಡವಾಳ ವೆಚ್ಚವೋ ಎಂಬ ಪ್ರಶ್ನೆ ಏಳುತ್ತದೆ. ಇರುವ ಸ್ವತ್ತನ್ನು ಉಳಿಸಿಕೊಳ್ಳುವ ಖರ್ಚು ಮಾತ್ರ ಚಾಲ್ತಿ ರಿಪೇರಿ ಎಂಬುದು ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2007ರಲ್ಲಿ ಹೇಳಿದ ಅಳತೆಗೋಲು. ಅದೇ ಮಾದರಿಯ ಎಂಜಿನ್ ಹಾಕಿಸಿದವರ ವಾದ ಇಲ್ಲಿಯೂ ಗಟ್ಟಿ. ಬಂಡವಾಳವೆಂದಾದರೆ ಸವಕಳಿ ಮಾತ್ರ ದೊರೆಯುತ್ತದೆ. ಎರಡರಲ್ಲಿ ಯಾವುದಾದರೂ ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ ಆ ಮೊತ್ತಕ್ಕೆ ತೆರಿಗೆ ಲೆಕ್ಕದಲ್ಲಿ ಮಾನ್ಯತೆಯಿಲ್ಲ. ಗುಜರಿಯವರು ನಗದನ್ನೇ ಕೇಳುವುದು ವಾಡಿಕೆ. ಚೆಕ್ಕು ಅಥವಾ ಬ್ಯಾಂಕ್ ವರ್ಗಾವಣೆಗೆ ಒಪ್ಪುವವರಲ್ಲಿಯೇ ಎಂಜಿನ್ ಕೊಳ್ಳುವುದು ಲೇಸು.