ಹಳೆಯ ಮೋಟಾರು ವಾಹನಗಳಿಗೆ ಹಗಲು ದೀಪ

ನಮ್ಮ ಸೀಮೆಯಲ್ಲಿ ರಾತ್ರಿ ಗಾಡಿ ಕಟ್ಟಿಕೊಂಡು ಪೇಟೆಗೆ ಹೊರಡುತ್ತಿದ್ದ ರೈತರು ಗಾಡಿಯ ಅಚ್ಚಿನ ಕೆಳಗೆ ಒಂದು ಲಾಟೀನನ್ನು ತೂಗುಹಾಕುತ್ತಿದ್ದುದು ಹಿರಿಯರಿಗೆಲ್ಲ ತಿಳಿದ ವಿಷಯವೇ ಆಗಿದೆ. ಆ ದೀಪದ ಬೆಳಕಿನಿಂದ ಎತ್ತುಗಳಿಗಾಗಲಿ ಗಾಡಿ ಹೊಡೆಯುವವನಿಗಾಗಲಿ ದಾರಿ ಕಾಣಬೇಕಾಗಿರಲಿಲ್ಲ. ಎತ್ತುಗಳು ದಾರಿಯನ್ನು ತಾವೇ ಬಲ್ಲವು. ಎದುರಿಗೆ ಬರುವವರಿಗೂ ಹಿಂದಿನಿಂದ ಬರುವವರಿಗೂ ಇಲ್ಲೊಂದು ಗಾಡಿಯಿದೆಯೆಂದು ತಿಳಿಯಪಡಿಸುವುದೇ ಅದರ ಮುಖ್ಯ ಪ್ರಯೋಜನವಾಗಿತ್ತು. ಹೀಗೆ ದೀಪಕ್ಕೆ ಎರಡು ಕೆಲಸಗಳುಂಟು: ಒಂದು ನಾವು ಕಾಣುವುದು, ಇನ್ನೊಂದು ಪರರಿಗೆ ನಾವು ಕಾಣಿಸಿಕೊಳ್ಳುವುದು. ಈ ಎರಡನೆಯ ಕೆಲಸವು ಹಗಲಿನಲ್ಲಿಯೂ ಅವಶ್ಯಕವಾದುದೆಂಬುದನ್ನೂ, ಹಳೆಯ ವಾಹನಗಳಿಗೆ ಹಗಲು ದೀಪವನ್ನು ಜೋಡಿಸುವ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

ಹಗಲಿನಲ್ಲಿ ದೀಪವೇಕೆ?

ಅರೆಕೆರೆಯು ಬೇಗೂರು ಹೋಬಳಿಯ ಒಂದು ಗ್ರಾಮವಾಗಿದ್ದು, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ರಚಿತವಾದಾಗ ನಗರದೊಳಕ್ಕೆ ಸೇರಿತು. ಅದರ ಬಳಿ ಹಾಯ್ದುಹೋಗುವ ಬನ್ನೇರುಘಟ್ಟದ ರಸ್ತೆಯೇ ಆನೇಕಲ್ ಕಡೆಯ ತರಕಾರಿ, ಹೂವು, ಸೊಪ್ಪುಗಳು ನಗರಕ್ಕೆ ಬರುವ ದಾರಿಗಳಲ್ಲೊಂದು. ಈ ಸರಕನ್ನು ತರುವ ಜೀಪು, ಟೆಂಪೋ, ಟ್ರಾಕ್ಟರುಗಳಲ್ಲಿ ಹಳೆಯವು ಅನೇಕ. ಬಣ್ಣ ಮಾಸಿ ಧೂಳು ಹಿಡಿದ ಇಂಥ ವಾಹನವು ಮರದ ನೆರಳಿನಲ್ಲಾಗಲಿ, ರಸ್ತೆಯ ಮೇಲೆ ಎತ್ತರದಲ್ಲಿ ಕಟ್ಟಿರುವ ಮೆಟ್ರೋ ಮಾರ್ಗದ ನೆರಳಿನಲ್ಲಾಗಲಿ ಬರುತ್ತಿರುವಾಗ, ಬಿಸಿಲಿನಲ್ಲಿ ನಿಂತು ನೋಡುವವನ ಕಣ್ಣಿಗೆ ಅದು ನೆರಳಿನೊಡನೆಯೇ ಬೆರೆತುಹೋಗುತ್ತದೆ. ರಾಗಿ ಕೊಯ್ಲಿನ ಕಾಲದ ಬೆಳಗಿನ ಮಂಜಿನಲ್ಲಿಯೂ, ಸೂರ್ಯನು ಇಳಿದು ನೋಡುವವನ ಕಣ್ಣಿಗೆ ನೇರವಾಗಿ ಹೊಡೆಯುವ ಹೊತ್ತಿನಲ್ಲಿಯೂ ಇದೇ ತೊಂದರೆಯುಂಟಾಗುತ್ತದೆ.

ಗಂಟೆಗೆ 60 ಕಿಲೋಮೀಟರು ವೇಗದಿಂದ ಹೋಗುವ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ದೂರ ಸಾಗುತ್ತದೆ. ಅಂಥ ಎರಡು ವಾಹನಗಳು ಎದುರುಬದುರಾಗಿ ಬಂದರೆ ಅವುಗಳ ನಡುವಣ ಅಂತರವು ಸೆಕೆಂಡಿಗೆ 33 ಮೀಟರಿನಷ್ಟು ಕಡಿಮೆಯಾಗುತ್ತದೆ. ಆದುದರಿಂದ ಎದುರಿನವನು ನಮ್ಮನ್ನು ಎರಡು ಸೆಕೆಂಡು ಮುಂಚಿತವಾಗಿ ಕಂಡರೆ ಅರವತ್ತಕ್ಕೂ ಹೆಚ್ಚು ಮೀಟರು ದೂರ ಉಳಿದಂತಾಯಿತು. ರಸ್ತೆ ದಾಟುವ ಮುದುಕರಿಗೂ ಶಾಲೆಯ ಮಕ್ಕಳಿಗೂ ಈ ಎರಡು ಸೆಕೆಂಡುಗಳೇ ಪ್ರಾಣವನ್ನುಳಿಸಬಹುದು.

ಇತರ ದೇಶಗಳು ಇದನ್ನು ಬಹುಕಾಲದ ಹಿಂದೆಯೇ ಅರಿತವು. ಸ್ವೀಡನ್ ದೇಶವು 1977ರಲ್ಲಿ ಹಗಲಿನಲ್ಲಿಯೂ ದೀಪ ಹೊತ್ತಿಸುವುದನ್ನು ಕಡ್ಡಾಯಗೊಳಿಸಿತು. ಕೆನಡಾದಲ್ಲಿ 1989ರ ಡಿಸೆಂಬರಿನಿಂದ ತಯಾರಾದ ಹೊಸ ವಾಹನಗಳಿಗೂ, ಯೂರೋಪಿನ ಒಕ್ಕೂಟದಲ್ಲಿ 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರುಗಳಿಗೂ ಹಗಲು ದೀಪವು ವಿಧಿಸಲ್ಪಟ್ಟಿತು. ನಮ್ಮ ದೇಶದಲ್ಲಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಮುಂದೀಪವು ಎಂಜಿನ್ನು ನಡೆಯುತ್ತಿರುವಾಗಲೆಲ್ಲ ತಾನಾಗಿಯೇ ಉರಿಯುವಂತೆ ಮಾಡಲಾಯಿತು. ಅದಕ್ಕಿಂತ ಹಳೆಯದಾದ ವಾಹನಕ್ಕೆ ಈ ಅನುಕೂಲವನ್ನು ಒದಗಿಸುವುದು ಒಡೆಯನ ವಿವೇಕಕ್ಕೆ ಸೇರಿದ್ದು.

ಮುಂದೀಪವನ್ನೇ ಉರಿಸಬಾರದೇ?

ಉರಿಸಬಹುದು, ಆದರೆ ಖರ್ಚು ಹೆಚ್ಚು. 55 ವಾಟಿನ ಎರಡು ಮುಂದೀಪಗಳು 12 ವೋಲ್ಟಿನ ಬ್ಯಾಟರಿಯಿಂದ ಸುಮಾರು 9 ಆಂಪಿಯರ್ ವಿದ್ಯುತ್ತನ್ನೆಳೆಯುತ್ತವೆ. ಡೈನಮೋ ಇರುವ ಹಳೆಯ ಗಾಡಿಗಳು ನಿಧಾನವಾಗಿ ಓಡುವಾಗ ಅಷ್ಟನ್ನು ಉತ್ಪಾದಿಸಲಾರವು. ಬಲ್ಬುಗಳೂ ಬೇಗ ಸುಟ್ಟುಹೋಗುತ್ತವೆ. ಎರಡೂ ಸೇರಿ 12 ವಾಟಿನಷ್ಟಿರುವ ಎಲ್‌ಇಡಿ ಹಗಲು ದೀಪಗಳಿಗೆ ಒಂದೇ ಆಂಪಿಯರ್ ಸಾಕು.

ದೀಪದ ಆಯ್ಕೆ

ಹಗಲು ದೀಪಗಳಿಗಾಗಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ರಚಿತವಾದ 87ನೆಯ ನಿಯಮದಂತೆ, ಪ್ರತಿಯೊಂದು ದೀಪದ ಬೆಳಕು ನೇರ ಮುಂದಕ್ಕೆ 400 ಕ್ಯಾಂಡೆಲಾಕ್ಕೆ ಕಡಿಮೆಯಿಲ್ಲದೆಯೂ 1200 ಕ್ಯಾಂಡೆಲಾವನ್ನು ಮೀರದೆಯೂ ಇರತಕ್ಕದ್ದು. ಬೆಳಕು ಬಿಳಿಯದಾಗಿರಬೇಕು. ಈ ನಿಯಮಕ್ಕೆ ಹೊಂದಿದ ದೀಪದ ಗಾಜಿನ ಮೇಲೆ ‘ಆರ್‌ಎಲ್’ ಎಂಬ ಎರಡು ಇಂಗ್ಲಿಷ್ ಅಕ್ಷರಗಳು ಮುದ್ರಿತವಾಗಿರುತ್ತವೆ. ಕಣ್ಣು ಕೋರೈಸುವ ಹುಡುಕುದೀಪಗಳನ್ನೂ, ಬಣ್ಣದ ಮಿನುಗುದೀಪಗಳನ್ನೂ ಈ ಕೆಲಸಕ್ಕೆ ಎಂದಿಗೂ ಉಪಯೋಗಿಸಕೂಡದು; ಅವುಗಳಿಂದ ಎದುರಿನವನ ಕಣ್ಣು ಕತ್ತಲೆಗಟ್ಟಿ, ತಪ್ಪಿಸಹೊರಟ ಅಪಾಯವನ್ನೇ ತಂದುಕೊಂಡಂತಾಗುವುದು.

ಕೊಳ್ಳುವುದಕ್ಕೆ ಮುಂಚೆ ವಾಹನದ ಬ್ಯಾಟರಿಯನ್ನು ಪರೀಕ್ಷಿಸಬೇಕು. ಜೀಪು, ಕಾರು, ಟ್ರಾಕ್ಟರುಗಳಲ್ಲಿ ಸಾಮಾನ್ಯವಾಗಿ 12 ವೋಲ್ಟು, ದೊಡ್ಡ ಲಾರಿಗಳಲ್ಲಿ 24 ವೋಲ್ಟು ಇರುತ್ತದೆ. ಬ್ಯಾಟರಿಯ ಋಣ ಧ್ರುವವು ವಾಹನದ ಚೌಕಟ್ಟಿಗೆ ಸೇರಿದೆಯೇ ಎಂಬುದನ್ನೂ ನೋಡಿಕೊಳ್ಳತಕ್ಕದ್ದು. ಅತಿ ಹಳೆಯ ಕೆಲವು ವಾಹನಗಳಲ್ಲಿ ಇದು ತಿರುವುಮುರುವಾಗಿರುವುದುಂಟು. ಕೆಳಗೆ ಹೇಳುವ ಕ್ರಮವು ಋಣ ಧ್ರುವ ಚೌಕಟ್ಟಿಗೆ ಸೇರಿದ ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆ.

ಜೋಡಿಸುವ ಕ್ರಮ

1. ಮೊದಲು ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿಡಬೇಕು.

2. ದೀಪಗಳನ್ನು ಮುಂಭಾಗದಲ್ಲಿ ಒಂದೇ ಮಟ್ಟದಲ್ಲಿ, ನೆಲದಿಂದ 25 ಸೆಂಟಿಮೀಟರಿಗೆ ಕೆಳಗಾಗದಂತೆಯೂ ಒಂದೂವರೆ ಮೀಟರಿಗೆ ಮೇಲಾಗದಂತೆಯೂ ಕೂರಿಸಬೇಕು. ಎರಡರ ನಡುವೆ 60 ಸೆಂಟಿಮೀಟರಿಗೆ ಕಡಿಮೆಯಿಲ್ಲದ ಅಂತರವಿರಲಿ. ಅಂತರವಿದ್ದರೆ ವಾಹನದ ಅಗಲವು ಎದುರಿನವನಿಗೆ ಗೊತ್ತಾಗುತ್ತದೆ.

3. ಐದು ಕಡ್ಡಿಗಳ ಒಂದು ರಿಲೇಯನ್ನು ತರಿಸಬೇಕು. ಕಡ್ಡಿಗಳ ಬಳಿ 30, 85, 86, 87, 87ಎ ಎಂಬ ಗುರುತುಗಳಿರುತ್ತವೆ. ಬೀಗದ ಕೈ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರುವ ತಂತಿಯಿಂದ, 3 ಆಂಪಿಯರಿನ ಫ್ಯೂಸಿನ ಮೂಲಕ, 30ನೆಯ ಕಡ್ಡಿಗೆ ಸೇರಿಸಬೇಕು.

4. 87ಎ ಕಡ್ಡಿಯಿಂದ ಎರಡೂ ದೀಪಗಳ ಧನ ತಂತಿಗಳಿಗೆ ಸೇರಿಸಿ, ದೀಪಗಳ ಋಣ ತಂತಿಗಳನ್ನು ಚೌಕಟ್ಟಿನಲ್ಲಿ ಬಣ್ಣ ಕೆರೆದು ಶುದ್ಧಮಾಡಿದ ಜಾಗಕ್ಕೆ ಬಿಗಿಯಬೇಕು. 87ನೆಯ ಕಡ್ಡಿಯನ್ನು ಬರಿದಾಗಿ ಬಿಡಬೇಕು.

5. 86ನೆಯ ಕಡ್ಡಿಯನ್ನು ವಾಹನದ ಪಾರ್ಕಿಂಗು ದೀಪದ ತಂತಿಗೂ, 85ನೆಯದನ್ನು ಚೌಕಟ್ಟಿಗೂ ಕೂಡಿಸಬೇಕು. ಮುಂದೀಪದ ತಂತಿಗೆ ಕೂಡಿಸಿದರೆ ಡಿಪ್ಪು, ಬ್ರೈಟುಗಳಲ್ಲಿ ಒಂದಕ್ಕೆ ಮಾತ್ರ ರಿಲೇಯು ಕೆಲಸಮಾಡೀತು; ಪಾರ್ಕಿಂಗು ದೀಪದ ತಂತಿಯಾದರೆ ಎರಡೂ ಸ್ಥಿತಿಗಳಲ್ಲಿ ವಿದ್ಯುತ್ತನ್ನು ಹೊಂದಿರುತ್ತದೆ.

6. ತಂತಿಗಳನ್ನು ಎಂಜಿನ್ನಿನ ಬಿಸಿಗೂ ಕಬ್ಬಿಣದ ಅಂಚಿಗೂ ತಗಲದಂತೆ ಕೊಳವೆಯೊಳಗೆ ಹಾಯಿಸಿ ಕಟ್ಟಬೇಕು.

ಹೀಗೆ ಜೋಡಿಸಿದರೆ ಬೀಗದ ಕೈ ತಿರುಗಿಸಿದೊಡನೆ ಹಗಲು ದೀಪವು ಹೊತ್ತುವುದು. ರಾತ್ರಿಯ ದೀಪಗಳನ್ನು ಹೊತ್ತಿಸಿದೊಡನೆ ತಾನಾಗಿಯೇ ಆರುವುದು. ಹಳೆಯ ಡೀಸೆಲ್ ವಾಹನಗಳಲ್ಲಿ ಕೊಂಡಿಯನ್ನೆಳೆದು ಎಂಜಿನ್ನನ್ನು ನಿಲ್ಲಿಸಿದ ಮೇಲೆ ಬೀಗದ ಕೈಯನ್ನು ಹಿಂದಕ್ಕೆ ತಿರುಗಿಸಲು ಮರೆಯುವವರುಂಟು. ಹಾಗೆ ಹತ್ತು ಗಂಟೆ ಕಾಲ ಮರೆತರೆ ಬ್ಯಾಟರಿಯಿಂದ 10 ಆಂಪಿಯರ್-ಗಂಟೆಯಷ್ಟು ವೃಥಾ ನಷ್ಟವಾಗುವುದು.

ಮುಖ್ಯವಾದ ಎಚ್ಚರಿಕೆ

ಹಗಲು ದೀಪವು ಮುಂದೆ ಮಾತ್ರ ಉರಿಯುತ್ತದೆ; ಹಿಂದಿನ ಕೆಂಪು ದೀಪವು ಅದರೊಡನೆ ಹೊತ್ತುವುದಿಲ್ಲ. ಮುಸ್ಸಂಜೆಯಲ್ಲಿ ಮುಂದೆ ಬೆಳಕು ಕಂಡು, ದೀಪಗಳೆಲ್ಲ ಉರಿಯುತ್ತಿವೆಯೆಂದು ನಂಬಿದ ಚಾಲಕನು ಹುಲ್ಲು ಹೇರಿದ ಟ್ರೇಲರನ್ನು ಕತ್ತಲೆಯಲ್ಲಿ ಎಳೆದುಕೊಂಡು ಹೋದರೆ, ಹಿಂದಿನಿಂದ ಬರುವ ಮೋಟಾರು ಸೈಕಲ್ಲಿನವನಿಗೆ ಏನೂ ಕಾಣಿಸದು. ಎದುರಿನವನನ್ನು ಉಳಿಸಿದ ದೀಪವೇ ಹಿಂದಿನವನಿಗೆ ಮೃತ್ಯುವಾದೀತು. ಆದಕಾರಣ ಹೊತ್ತು ಮುಳುಗುವುದಕ್ಕೆ ಮುಂಚೆಯೇ ರಾತ್ರಿಯ ದೀಪಗಳನ್ನು ಹೊತ್ತಿಸುವ ಅಭ್ಯಾಸವನ್ನು ಚಾಲಕರಿಗೆ ಕಟ್ಟುನಿಟ್ಟಾಗಿ ಕಲಿಸತಕ್ಕದ್ದು. ಟ್ರೇಲರಿನ ಹಿಂದೆ ಕೆಂಪು, ಪಕ್ಕಗಳಲ್ಲಿ ಹಳದಿ, ಮುಂದೆ ಬಿಳಿಯ ಹೊಳೆಯುವ ಪಟ್ಟಿಗಳನ್ನೂ ಅಂಟಿಸಬೇಕು. ಬ್ಯಾಟರಿ ಕೈಕೊಟ್ಟರೂ ಪರರ ದೀಪದ ಬೆಳಕಿನಿಂದಲೇ ಅವು ಹೊಳೆಯುವುವು.

ಕಾನೂನಿನ ವಿಷಯ

1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ವಾಹನದ ಮೂಲ ಸ್ವರೂಪವನ್ನು ಮಾಲೀಕನು ಮನಬಂದಂತೆ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಆದುದರಿಂದ ಮೂಲದೀಪಗಳಲ್ಲಿ ಯಾವುದನ್ನೂ ತೆಗೆಯದೆ, ಕೆಲಸಕ್ಕೆ ಕೈಹಾಕುವುದಕ್ಕೆ ಮುಂಚೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು.

ಕೆಲಸ ಮುಗಿದ ಮೇಲೆ ಇಬ್ಬರು ಸೇರಿ ಪರೀಕ್ಷಿಸಬೇಕು. ಮಧ್ಯಾಹ್ನ ಒಬ್ಬನು ನೂರು ಹೆಜ್ಜೆ ದೂರದಲ್ಲಿ ನಿಂತು ಎರಡು ದೀಪಗಳೂ ಸಮನಾಗಿ ಕಾಣುವುವೇ ಎಂದು ನೋಡಲಿ. ಸಂಜೆ ಅವನೇ ಹಿಂದೆ ನಿಂತು, ರಾತ್ರಿಯ ದೀಪಗಳನ್ನು ಹೊತ್ತಿಸಿದಾಗ ಕೆಂಪು ದೀಪವು ಉರಿಯುವುದೇ ಎಂದು ನೋಡಲಿ. ಗ್ರಾಮದ ಹಿರಿಯರು ಮೊದಲು ತಮ್ಮ ವಾಹನಗಳಲ್ಲಿ ಇದನ್ನು ಮಾಡಿಸಿ, ಸುಗ್ಗಿಗೆ ಮುಂಚೆ ಊರಿನ ಟ್ರಾಕ್ಟರು, ಟ್ರೇಲರುಗಳನ್ನೆಲ್ಲ ಒಂದು ಸಂಜೆ ಒಂದೆಡೆ ನಿಲ್ಲಿಸಿ ಹಿಂದೀಪಗಳನ್ನು ಪರೀಕ್ಷಿಸಿದರೆ, ಅಚ್ಚಿನ ಕೆಳಗೆ ಲಾಟೀನು ಕಟ್ಟಿದ ಪೂರ್ವಿಕರ ವಿವೇಕವನ್ನು ನಾವೂ ಉಳಿಸಿಕೊಂಡಂತಾಗುವುದು.