ಕೀಹೋಲ್ ಆಪರೇಷನ್ ನಂತರ ಮೂತ್ರಕೋಶದ ಮೇಲೊಂದು ಕಣ್ಣು

ಗರ್ಭಕೋಶ ತೆಗೆಯುವುದು, ಅಂಡಾಶಯದ ಗಡ್ಡೆ ತೆಗೆಯುವುದು, ಎಂಡೊಮೆಟ್ರಿಯೋಸಿಸ್‌ಗೆ ಚಿಕಿತ್ಸೆ ಮಾಡುವುದು ಈಗ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ, ಅರ್ಧದಿಂದ ಒಂದು ಸೆಂಟಿಮೀಟರ್‌ನಷ್ಟು ರಂಧ್ರಗಳಿಂದಲೇ ಆಗುತ್ತದೆ. ಲ್ಯಾಪರೊಸ್ಕೋಪಿ ಎಂಬ ಈ ಕೀಹೋಲ್ ವಿಧಾನದಲ್ಲಿ ಗರ್ಭಕೋಶ ತೆಗೆಯುವ ಕ್ರಮಕ್ಕೆ 1988ರಲ್ಲಿ ನಾಂದಿ ಹಾಡಿದವರು ಅಮೆರಿಕದ ವೈದ್ಯ ಹ್ಯಾರಿ ರೀಚ್. ಹೊರಗಿನ ಗಾಯ ಚಿಕ್ಕದಾಯಿತು, ಒಳಗಿನ ಕೆಲಸ ಚಿಕ್ಕದಾಗಲಿಲ್ಲ. ಆ ಕೆಲಸದ ನಡುವೆ ಅಪರೂಪಕ್ಕೆ, ಗರ್ಭಕೋಶ ತೆಗೆಯುವಾಗ ಸುಮಾರು ನೂರಕ್ಕೆ ಒಬ್ಬರಲ್ಲಿ, ಮೂತ್ರಕೋಶಕ್ಕೆ ಪೆಟ್ಟಾಗಬಹುದು.

ಪೆಟ್ಟು ಏಕೆ ಬೀಳುತ್ತದೆ?

ಮೂತ್ರಕೋಶ ಗರ್ಭಕೋಶದ ಮುಂಭಾಗಕ್ಕೆ ಹೊಂದಿಕೊಂಡೇ ಇರುತ್ತದೆ. ಅದನ್ನು ಬಿಡಿಸಿ ಕೆಳಗೆ ಸರಿಸದೆ ಗರ್ಭಕೋಶ ತೆಗೆಯಲಾಗದು. ಸಿಸೇರಿಯನ್ ಆದವರಲ್ಲಿ ಹಳೆಯ ಗಾಯ ಮಾಯುವಾಗ ಎರಡೂ ಒಂದಕ್ಕೊಂದು ಅಂಟಿಕೊಂಡಿರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆರಿಗೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಸಿಸೇರಿಯನ್. ಆದ್ದರಿಂದ ಈ ತೊಡಕು ನಮ್ಮಲ್ಲಿ ಅನೇಕರಿಗೆ ಸಂಬಂಧಿಸಿದ್ದು. ಎಂಡೊಮೆಟ್ರಿಯೋಸಿಸ್ ಮತ್ತು ದೊಡ್ಡ ಫೈಬ್ರಾಯ್ಡ್‌ಗಳೂ ಅಪಾಯ ಹೆಚ್ಚಿಸುತ್ತವೆ.

ಆಪರೇಷನ್ ಟೇಬಲ್ ಮೇಲೆ

ಬಹುಪಾಲು ಗಾಯಗಳು ಅಲ್ಲೇ ಸಿಕ್ಕಿಬೀಳುತ್ತವೆ. ಲ್ಯಾಪರೊಸ್ಕೋಪಿಯಲ್ಲಿ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿಸಿರುತ್ತಾರೆ. ಮೂತ್ರಕೋಶ ತೂತಾದರೆ ಆ ಅನಿಲ ಮೂತ್ರ ಹೊರಹೋಗಲು ಹಾಕಿದ ಕ್ಯಾತಿಟರ್ ಕೊಳವೆಯ ಮೂಲಕ ಹೊರಬಂದು ಮೂತ್ರದ ಚೀಲ ಉಬ್ಬುತ್ತದೆ. ಮೂತ್ರ ಕೆಂಪಾಗುವುದೂ ಒಂದು ಸುಳಿವು. ಅನುಮಾನ ಬಂದರೆ ಮೆಥಿಲೀನ್ ಬ್ಲೂ ಬೆರೆಸಿದ ಸಲೈನನ್ನು ಮೂತ್ರಕೋಶಕ್ಕೆ ತುಂಬಿಸುತ್ತಾರೆ. ನೀಲಿ ಜಿನುಗಿದ ಕಡೆ ತೂತಿದೆ. ಸಿಸ್ಟೊಸ್ಕೋಪ್ ಹಾಕಿ ಒಳಗೋಡೆಯನ್ನು ನೋಡುವುದೂ ಉಂಟು.

ಆಗ ಕಣ್ಣಿಗೆ ಬೀಳದೆ ಉಳಿಯುವುದು ಮುಖ್ಯವಾಗಿ ಸುಟ್ಟ ಗಾಯ. ರಕ್ತ ನಿಲ್ಲಿಸಲು ಬಳಸುವ ವಿದ್ಯುತ್ ಉಪಕರಣದ ಶಾಖ ತಗುಲಿದ ಗೋಡೆ ಅಂದು ಗಟ್ಟಿಯಾಗಿಯೇ ಕಾಣುತ್ತದೆ. ಸತ್ತ ಅಂಗಾಂಶ ಕಳಚಿ ಸೋರಿಕೆ ಶುರುವಾಗುವುದು ಎಷ್ಟೋ ದಿನಗಳ ಮೇಲೆ, ಕೆಲವೊಮ್ಮೆ ಎರಡನೇ ವಾರದಲ್ಲಿ. ಅಷ್ಟರಲ್ಲಿ ರೋಗಿ ಮನೆ ಸೇರಿರುತ್ತಾಳೆ.

ಮನೆಗೆ ಬಂದ ಮೇಲೆ

ನೆನಪಿಡಬೇಕಾದ ಸೂತ್ರ ಒಂದೇ: ಕೀಹೋಲ್ ಆಪರೇಷನ್ ಆದವರು ದಿನದಿಂದ ದಿನಕ್ಕೆ ಚೇತರಿಸಿಕೊಳ್ಳಬೇಕು. ಮೊದಲ ಒಂದೆರಡು ದಿನ ಭುಜ ನೋಯುವುದು, ಹೊಟ್ಟೆ ಬಿಗಿದಂತೆ ಇರುವುದು ಅನಿಲದ ಪ್ರಭಾವ, ತಾನಾಗಿ ಇಳಿಯುತ್ತದೆ. ನಿನ್ನೆಗಿಂತ ಇಂದು ನೋವು ಜಾಸ್ತಿ ಎಂದರೆ ಕಾರಣ ಹುಡುಕಲೇಬೇಕು. ಮೂತ್ರಕೋಶದ ಕಡೆಗೆ ಬೆರಳು ತೋರಿಸುವ ಲಕ್ಷಣಗಳು ಇವು:

• ಹೊಟ್ಟೆ ಉಬ್ಬರ, ವಾಕರಿಕೆ, ಜ್ವರ
• ನೀರು ಚೆನ್ನಾಗಿ ಕುಡಿದರೂ ಮೂತ್ರ ಕಡಿಮೆ
• ಮೂತ್ರದಲ್ಲಿ ಹೊಸದಾಗಿ ಅಥವಾ ನಿಲ್ಲದೆ ಬರುವ ರಕ್ತ
• ಯೋನಿಯಿಂದ ಅಥವಾ ಹೊಟ್ಟೆಯ ರಂಧ್ರದಿಂದ ನೀರಿನಂತೆ ಸೋರಿಕೆ

ಕೊನೆಯದನ್ನು ‘ಬಿಳಿ ಹೋಗುವುದು’ ಎಂದು ಹಲವರು ಸುಮ್ಮನಾಗುತ್ತಾರೆ. ಪ್ಯಾಡ್ ತೆಳುವಾದ ದ್ರವದಿಂದ ಮತ್ತೆ ಮತ್ತೆ ತೊಯ್ದು ಮೂತ್ರದ ವಾಸನೆ ಬಂದರೆ ಸುಮ್ಮನಿರುವಂತಿಲ್ಲ. ‘ಮೂತ್ರ ಬರ್ತಾ ಇದೆಯಲ್ಲ’ ಎಂಬ ಸಮಾಧಾನವೂ ಸಲ್ಲದು: ಒಂದಷ್ಟು ದಾರಿಯಲ್ಲಿ ಹೋಗಿ ಉಳಿದದ್ದು ಸೋರುತ್ತಿರಬಹುದು. ಕ್ಯಾತಿಟರ್ ಇರುವಷ್ಟು ದಿನ ಮೂತ್ರಕೋಶ ಖಾಲಿಯಿರುವುದರಿಂದ ಸೋರಿಕೆ ಅಡಗಿದ್ದು, ಕ್ಯಾತಿಟರ್ ತೆಗೆದ ಬಳಿಕ ಬಯಲಾಗುವುದೂ ಇದೆ.

ಆಸ್ಪತ್ರೆಯ ಪರೀಕ್ಷೆಗಳು

ಹೊಟ್ಟೆಯೊಳಗೆ ಸೋರಿದ ಮೂತ್ರವನ್ನು ಉದರದ ಒಳಪೊರೆ ಹೀರಿಕೊಂಡು ಮತ್ತೆ ರಕ್ತಕ್ಕೆ ಸೇರಿಸುತ್ತದೆ. ಹಾಗಾಗಿ ಮೂತ್ರದಲ್ಲಿ ಹೊರಹೋಗಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಏರಿ, ಆರೋಗ್ಯವಾಗಿರುವ ಕಿಡ್ನಿಯೇ ಕೆಟ್ಟಂತೆ ತೋರುತ್ತದೆ. ಹೊಟ್ಟೆಯಲ್ಲಿ ನಿಂತ ದ್ರವವನ್ನು ಸೂಜಿಯಿಂದ ತೆಗೆದು ನೋಡಿದಾಗ ಅದರ ಕ್ರಿಯಾಟಿನಿನ್ ರಕ್ತದ್ದಕ್ಕಿಂತ ಬಹಳ ಹೆಚ್ಚಿದ್ದರೆ ಅದು ಮೂತ್ರವೇ. ತೂತಿನ ಜಾಗ ತಿಳಿಯಲು ಮೂತ್ರಕೋಶಕ್ಕೆ ಕಾಂಟ್ರಾಸ್ಟ್ ತುಂಬಿಸಿ ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ.

ಯೋನಿಯಿಂದ ಸೋರಿಕೆಯಿದ್ದರೆ ಅಲ್ಲಿ ಹತ್ತಿಯುಂಡೆಗಳನ್ನಿಟ್ಟು, ಮೂತ್ರಕೋಶಕ್ಕೆ ನೀಲಿ ದ್ರವ ತುಂಬಿಸುತ್ತಾರೆ. ಒಳಗಿನ ಹತ್ತಿ ನೀಲಿಯಾದರೆ ತೂತು ಮೂತ್ರಕೋಶದಲ್ಲಿ. ನೀಲಿಯಾಗದೆ ಒದ್ದೆಯಷ್ಟೇ ಆದರೆ ಕಿಡ್ನಿಯಿಂದ ಇಳಿದು ಬರುವ ಮೂತ್ರನಾಳದ ಮೇಲೆ ಅನುಮಾನ.

ತಡವಾದರೆ ಏನು?

ಟೇಬಲ್ ಮೇಲೆಯೇ ಕಂಡ ಗಾಯಕ್ಕೆ ಕರಗುವ ದಾರದಿಂದ ಹೊಲಿಗೆ ಹಾಕಿ, ಸಾಮಾನ್ಯವಾಗಿ ಒಂದೆರಡು ವಾರ ಕ್ಯಾತಿಟರ್ ಇಡುತ್ತಾರೆ. ಬಹುತೇಕರು ಪೂರ್ತಿ ಗುಣವಾಗುತ್ತಾರೆ. ತಡವಾದರೆ ಹೊಟ್ಟೆಯೊಳಗೆ ಸೋಂಕು ಹರಡಬಹುದು. ಮೂತ್ರಕೋಶಕ್ಕೂ ಯೋನಿಗೂ ನಡುವೆ ಫಿಸ್ಟುಲಾ ಎಂಬ ಕಳ್ಳದಾರಿ ಉಳಿದುಬಿಟ್ಟರೆ, ಎಷ್ಟೋ ಸಲ ವಾರಗಟ್ಟಲೆ ಕಾದು ಮತ್ತೊಂದು ಆಪರೇಷನ್ ಮಾಡಬೇಕಾಗುತ್ತದೆ.

ಆದ್ದರಿಂದ ಲಕ್ಷಣ ಕಂಡ ದಿನವೇ ಆಪರೇಷನ್ ಮಾಡಿದ ತಂಡವನ್ನು ಸಂಪರ್ಕಿಸಿ. ಆಪರೇಷನ್ ಆಗಿ ಎಷ್ಟು ದಿನವಾಯಿತು, ಹಿಂದೆ ಎಷ್ಟು ಸಿಸೇರಿಯನ್ ಆಗಿವೆ, ಬೆಳಗಿನಿಂದ ಎಷ್ಟು ಮೂತ್ರ ಹೋಗಿದೆ, ಜ್ವರ ಎಷ್ಟಿದೆ ಎಂಬುದನ್ನು ತಪ್ಪದೆ ಹೇಳಿ. ಬೇರೆ ವೈದ್ಯರ ಬಳಿ ಹೋಗುವುದಾದರೆ ಡಿಸ್ಚಾರ್ಜ್ ಸಮ್ಮರಿ ಕೈಯಲ್ಲಿರಲಿ. ಹೊಟ್ಟೆ ಗಟ್ಟಿಯಾಗಿ ನೋವು ತಡೆಯಲಾಗದಿದ್ದರೆ, ಇಲ್ಲವೇ ಮೂತ್ರ ಪೂರ್ತಿ ನಿಂತುಹೋದರೆ ಫೋನಿನಲ್ಲಿ ವಿಚಾರಿಸುತ್ತ ಕೂರದೆ ನೇರವಾಗಿ ತುರ್ತು ವಿಭಾಗಕ್ಕೆ ಹೊರಡಿ.