ಎಲೆಯ ಸತ್ತ್ವಕ್ಕೊಂದು ಅಳತೆ

ಹಾಸನದಿಂದ ಪಶ್ಚಿಮಾಭಿಮುಖವಾಗಿ ಹೊರಟು ಆಲೂರನ್ನು ದಾಟಿ ಸಕಲೇಶಪುರದ ಕಡೆಗೆ ಸಾಗುವಾಗ, ಬಯಲುಸೀಮೆಯ ಹೊಲಗಳು ಹಿಂದೆ ಸರಿದು ಕಾಫಿಯ ತೋಟಗಳು ದಟ್ಟವಾಗತೊಡಗುವ ಆ ಪ್ರಾಂತದಲ್ಲಿ, ಹಿತ್ತಲಿನ ದೊಡ್ಡಪತ್ರೆ ಏಕಕಾಲಕ್ಕೆ ಅಡುಗೆಗೂ ಔಷಧಕ್ಕೂ ಒದಗುವ ಗಿಡ. ಮಗುವಿಗೆ ಕೆಮ್ಮಾದರೆ ಎಲೆಯನ್ನು ಬಾಡಿಸಿ ರಸ ಹಿಂಡುವುದೂ, ಊಟಕ್ಕೆಂದು ಅದನ್ನೇ ತುಪ್ಪದಲ್ಲಿ ಹುರಿದು ಕಾಯಿ ಜೀರಿಗೆಗಳೊಡನೆ ಅರೆದು ಮಜ್ಜಿಗೆ ಬೆರೆಸಿ ತಂಬುಳಿ ಮಾಡುವುದೂ ವಾಡಿಕೆ. ಇಂಥ ಎಲೆಗಳಲ್ಲಿ ಆಂಟಿಆಕ್ಸಿಡೆಂಟ್, ಅರ್ಥಾತ್ ಉತ್ಕರ್ಷಣ ನಿರೋಧಕ ಗುಣವು ಹೇರಳವಾಗಿದೆಯೆಂಬ ಮಾತು ಈಚೆಗೆ ಎಲ್ಲೆಡೆಯೂ ಕೇಳಿಬರುತ್ತಿರುವುದರಿಂದ, ಆ ಗುಣವನ್ನು ಅಳೆಯುವ ಬಗೆ ಯಾವುದು, ಅಳತೆಯಿಂದ ತಿಳಿಯತಕ್ಕದ್ದು ಎಷ್ಟು ಎಂಬುದನ್ನು ವಿಚಾರಿಸುವುದು ಉಚಿತ.

ಅಣುಗಳಲ್ಲಿ ಇಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿಯಾಗಿಯೇ ಇರುತ್ತವೆ. ಒಂಟಿ ಇಲೆಕ್ಟ್ರಾನನ್ನು ಹೊತ್ತ ಅಣುವಿಗೆ ಫ್ರೀ ರ‍್ಯಾಡಿಕಲ್ ಎಂದು ಹೆಸರು. ಅದು ನೆರೆಯ ಅಣುವಿನಿಂದ ಇಲೆಕ್ಟ್ರಾನನ್ನೋ ಹೈಡ್ರೋಜನ್ನನ್ನೋ ಕಿತ್ತುಕೊಳ್ಳಲು, ಕಳೆದುಕೊಂಡ ಅಣುವೂ ಅದೇ ಸ್ವಭಾವವನ್ನು ತಾಳಿ ಮತ್ತೊಂದರ ಮೇಲೆರಗುತ್ತದೆ. ಹಳೆಯ ಎಣ್ಣೆ ಕಮಟುವುದು ಈ ಸರಪಣಿಯಿಂದಲೇ. ದೊಡ್ಡಪತ್ರೆಯಲ್ಲಿರುವ ಕಾರ್ವಕ್ರಾಲ್, ರೋಸ್ಮರಿನಿಕ್ ಆಮ್ಲ ಮೊದಲಾದ ಫಿನಾಲಿಕ್ ದ್ರವ್ಯಗಳು ತಮ್ಮ ಹೈಡ್ರೋಜನ್ನನ್ನು ಕೊಟ್ಟು, ತಾವು ಕೆರಳದೆ, ಸರಪಣಿಯನ್ನು ಅಲ್ಲಿಗೇ ತುಂಡರಿಸಬಲ್ಲವು.

ಫ್ರೀ ರ‍್ಯಾಡಿಕಲ್‌ಗಳ ಪೈಕಿ ಬಹುತೇಕ ಕ್ಷಣಜೀವಿಗಳಾಗಿದ್ದರೂ, 1922ರಲ್ಲಿ ತಯಾರಾದ ಡಿಪಿಪಿಎಚ್ ಎಂಬುದು ಶೀಶೆಯಲ್ಲಿ ಬಹುಕಾಲ ಉಳಿಯುವಷ್ಟು ಸ್ಥಿರ. ಮಿಥೆನಾಲಿನಲ್ಲಿ ಕರಗಿಸಿದಾಗ ಗಾಢ ನೇರಳೆ ಬಣ್ಣವನ್ನು ತಳೆಯುವ ಅದು, ಹೈಡ್ರೋಜನ್ ದೊರೆತೊಡನೆ ತೆಳು ಹಳದಿಗೆ ತಿರುಗುತ್ತದೆ. ಈ ವರ್ಣಪರಿವರ್ತನೆಯನ್ನೇ ಅಳತೆಗೋಲಾಗಿಸಬಹುದೆಂದು ಬ್ಲಾಯ್ಸ್ ಎಂಬ ವಿಜ್ಞಾನಿ 1958ರಲ್ಲಿ ತೋರಿಸಿಕೊಟ್ಟನು. ಎಲೆಯ ಸಾರವನ್ನು ಬೆರೆಸಿ, ಅರ್ಧ ಗಂಟೆ ಕತ್ತಲಲ್ಲಿಟ್ಟು, 517 ನ್ಯಾನೊಮೀಟರಿನ ಹಸಿರು ಬೆಳಕನ್ನು ದ್ರಾವಣವೆಷ್ಟು ಹೀರುತ್ತದೆಂಬುದನ್ನು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ನೋಡುತ್ತಾರೆ. ಹೀರಿಕೆಯು 0.80ರಿಂದ 0.20ಕ್ಕೆ ಇಳಿಯಿತೆಂದರೆ ಶೇಕಡ 75ರಷ್ಟು ರ‍್ಯಾಡಿಕಲ್ ಶಮನವಾಯಿತೆಂದು ಲೆಕ್ಕ. ಅರ್ಧಭಾಗವನ್ನು ಶಮನಗೊಳಿಸಲು ಬೇಕಾಗುವ ಸಾರದ ಪ್ರಮಾಣವೇ ಐಸಿ 50. ಈ ಅಂಕಿ ಕಿರಿದಾದಷ್ಟೂ ಎಲೆಯ ಶಕ್ತಿ ಹಿರಿದು. ಹೋಲಿಕೆಗೆ ಸಿ ವಿಟಮಿನ್ನನ್ನು ಜೊತೆಯಲ್ಲಿಟ್ಟು ಪರೀಕ್ಷಿಸುವುದು ರೂಢಿ.

ಆದರೆ ಅಂಕಿಯ ಯೋಗ್ಯತೆ ನಿರ್ಧಾರವಾಗುವುದು ಯಂತ್ರಕ್ಕೆ ಮುಂಚೆಯೇ. ಮಲೆನಾಡಿನ ಆಷಾಢದಲ್ಲಿ ನೀರು ತುಂಬಿದ ದೊಡ್ಡಪತ್ರೆಯನ್ನು ನೆರಳಿನಲ್ಲಿ ಒಣಗಿಸಹೊರಟರೆ, ಅದು ಒಣಗುವ ಮೊದಲೇ ಕಪ್ಪಾಗಿ, ಅಳೆಯಬೇಕಾದ ಫಿನಾಲುಗಳೇ ನಷ್ಟವಾಗುತ್ತವೆ. ಬಿಸಿಗಿಟ್ಟರೆ ಸುಗಂಧದ ಕಾರ್ವಕ್ರಾಲ್ ಆವಿಯಾಗುತ್ತದೆ. ಒಲೆಯ ಮೇಲಣ ಅಟ್ಟದಲ್ಲಿ ಹರಡಿದರೋ, ಸೌದೆಯ ಹೊಗೆಯಲ್ಲಿಯೂ ಫಿನಾಲುಗಳಿರುವ ಕಾರಣ, ಎಲೆಗೆ ಇಲ್ಲದ ಸತ್ತ್ವವೂ ಲೆಕ್ಕಕ್ಕೆ ಸೇರೀತು. ನೆರೆಯ ಕೊಡಗಿನಲ್ಲಿ ಕಕ್ಕಡ ಹದಿನೆಂಟರಂದು ಪಾಯಸಕ್ಕೆ ಬಳಸುವ ಮದ್ದುಸೊಪ್ಪಿನದು ಬೇರೊಂದು ತೊಡಕು: ಅದರ ರಸವೇ ನೇರಳೆಯಾದುದರಿಂದ, ಡಿಪಿಪಿಎಚ್ ಬೆರೆಸದ ಬರಿಯ ಸಾರದ ಹೀರಿಕೆಯನ್ನು ಪ್ರತ್ಯೇಕವಾಗಿ ಅಳೆದು ಕಳೆಯದಿದ್ದರೆ ಫಲಿತಾಂಶವು ದಾರಿ ತಪ್ಪುತ್ತದೆ. ಇದಲ್ಲದೆ ಮಿಥೆನಾಲು ಎಳೆದುಕೊಳ್ಳುವ ದ್ರವ್ಯಗಳು ಒಂದು ಬಗೆ, ಮನೆಯ ಕಷಾಯದ ನೀರು ಎಳೆದುಕೊಳ್ಳುವವು ಇನ್ನೊಂದು ಬಗೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ, ಮನುಷ್ಯದೇಹದಲ್ಲಿ ಡಿಪಿಪಿಎಚ್ ಇಲ್ಲವೆಂಬುದನ್ನು ಮರೆಯಲಾಗದು. ಎಲೆಯ ದ್ರವ್ಯಗಳು ಜಠರವನ್ನು ದಾಟಿ, ಯಕೃತ್ತಿನಲ್ಲಿ ಮಾರ್ಪಟ್ಟು ರಕ್ತವನ್ನು ಸೇರುವಾಗ ಮೊದಲಿನ ರೂಪದಲ್ಲಿಯೇ ಉಳಿಯುತ್ತವೆಂದು ನಂಬುವಂತಿಲ್ಲ. ಫಿನ್ಲೆಂಡಿನಲ್ಲಿ ಇಪ್ಪತ್ತೊಂಬತ್ತು ಸಾವಿರಕ್ಕೂ ಮಿಕ್ಕ ಧೂಮಪಾನಿ ಪುರುಷರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಉತ್ಕರ್ಷಣ ನಿರೋಧಕವೆಂದು ಖ್ಯಾತವಾದ ಬೀಟಾ ಕ್ಯಾರೊಟಿನ್ ಗುಳಿಗೆಯನ್ನು ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರು ಕಡಮೆಯಾಗುವ ಬದಲು ಶೇಕಡ 18ರಷ್ಟು ಹೆಚ್ಚಿತು.

ಹಾಗೆಂದು ಈ ಪರೀಕ್ಷೆ ನಿರರ್ಥಕವಲ್ಲ. ಮಳೆಗಾಲದ ಎಲೆಗೂ ಬೇಸಗೆಯ ಎಲೆಗೂ, ಎಳೆಯದಕ್ಕೂ ಬಲಿತದ್ದಕ್ಕೂ, ಆಲೂರಿನ ಹಿತ್ತಲಿನದಕ್ಕೂ ಸಕಲೇಶಪುರದ ತೋಟದ ನೆರಳಿನದಕ್ಕೂ ಇರುವ ಅಂತರವನ್ನು ಅಲ್ಪ ವೆಚ್ಚದಲ್ಲಿ ಕಾಣಿಸಿ, ಮುಂದಿನ ಶೋಧನೆಗೆ ಯಾವುದನ್ನು ಆರಿಸಬೇಕೆಂದು ಸೂಚಿಸುವುದು ಅದರ ನಿಜವಾದ ಉಪಕಾರ. ಆದುದರಿಂದ ಐಸಿ 50ರ ಮಗ್ಗುಲಲ್ಲಿ ಎಲೆ ಕೊಯ್ದ ತಿಂಗಳು, ಒಣಗಿಸಿದ ಕ್ರಮ, ಬಳಸಿದ ದ್ರಾವಕ ಇವು ಮೂರನ್ನೂ ಬರೆದಿರುವ ವರದಿಯನ್ನು ಓದುಗರು ನೆಚ್ಚಬಹುದು. ಬರಿಯ ಅಂಕಿಯನ್ನು ಮುಂದಿಟ್ಟು ಆರೋಗ್ಯದ ಆಶ್ವಾಸನೆ ಕೊಡುವವರನ್ನು ಈ ಮೂರರ ವಿವರವನ್ನು ಮೊದಲು ಕೇಳತಕ್ಕದ್ದು.